ಧರೆ, ಬಾವಿ, ಜಂಬಿಟ್ಟಿಗೆ: ಭೂವಿಜ್ಞಾನ ವಿಭಾಗದಲ್ಲಿ ಏನೇನು ಸಂಶೋಧನೆ ನಡೆಯುತ್ತದೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಮೂರು ಎಕರೆ ಅಡಿಕೆ ತೋಟ ಇದೆ. ಮಗಳು ಶಿವಮೊಗ್ಗದಲ್ಲಿ ಬಿಎಸ್ಸಿ ಮುಗಿಸಿದ್ದಾಳೆ. ಭೂವಿಜ್ಞಾನವೂ ಒಂದು ವಿಷಯವಾಗಿತ್ತು. ಈಗ ಅದರಲ್ಲೇ ಎಂಎಸ್ಸಿ, ಆಮೇಲೆ ಸಂಶೋಧನೆ ಎಂದು ಹಟ ಹಿಡಿದಿದ್ದಾಳೆ. ಕಲ್ಲು ಮಣ್ಣಿನಲ್ಲಿ ಕಂಡುಹಿಡಿಯುವುದು ಇನ್ನೇನು ಉಳಿದಿದೆ? ಅಂಥ ವಿಭಾಗಗಳಲ್ಲಿ ಯಾವ ವಿಷಯಗಳ ಮೇಲೆ ಕೆಲಸ ನಡೆಯುತ್ತದೆ? ಜಿಯಾಲಜಿ ಬೇರೆ, ಜಿಯಾಲಜಿಕಲ್ ಎಂಜಿನಿಯರಿಂಗ್ ಬೇರೆ ಅನ್ನುತ್ತಾರೆ, ಅದೇನು? ಇನ್ನೊಂದು, ನಮ್ಮ ಮನೆ ಹಿಂದಿನ ಧರೆ, ಅಂದರೆ ಗುಡ್ಡ ಕಡಿದಲ್ಲಿ ಉಳಿದ ನೆಟ್ಟನೆ ಮಣ್ಣಿನ ಗೋಡೆ, ಪ್ರತಿ ಮಳೆಗಾಲ ಸ್ವಲ್ಪ ಸ್ವಲ್ಪ ಜರಿಯುತ್ತಿದೆ. ಅಂಥದ್ದನ್ನೂ ಅವಳು ಓದಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನೀವು ಅದನ್ನು ‘ಇನ್ನೊಂದು’ ಎಂದು ಬಾಲದಲ್ಲಿ ಸೇರಿಸಿದ್ದೀರಿ. ನನಗೆ ಅದೇ ತಲೆ. ನಿಮ್ಮ ಉಳಿದ ಪ್ರಶ್ನೆಗಳಿಗೂ ಅರ್ಧ ಉತ್ತರ ಆ ಧರೆಯಲ್ಲೇ ಇದೆ.

ಈ ಸಲ ಬಿಸಿಲಿರುವಾಗ ಮನೆ ಹಿಂದೆ ನಿಂತು ಧರೆಯನ್ನು ಮೇಲಿಂದ ಕೆಳಗೆ ನೋಡಿ. ಮೇಲೆ ಒಂದೆರಡು ಅಡಿ ದರಗು (ಉದುರಿದ ಒಣ ಎಲೆ) ಬೆರೆತ ಕಪ್ಪು ಮಣ್ಣು. ಅದರ ಕೆಳಗೆ ಜಂಬಿಟ್ಟಿಗೆ ಎಂಬ ಕೆಂಪು ಕಲ್ಲು. ಇನ್ನೂ ಕೆಳಗೆ ಬಿಳಿ, ಹಳದಿ, ನೇರಳೆ ಮಚ್ಚೆಗಳಿರುವ ಮೆತ್ತನೆ ಮಣ್ಣು. ಕರಾವಳಿ ಕಡೆ ಇದನ್ನು ಶೇಡಿ ಅನ್ನುತ್ತಾರೆ. ಅದರಡಿ ಅರ್ಧ ಕೊಳೆತ ಕಲ್ಲು, ಕೊನೆಗೆ ಗಟ್ಟಿ ಬಂಡೆ. ನೋಡಲು ಐದು ಬೇರೆ ಬೇರೆ ವಸ್ತು. ಆದರೆ ಹೆಚ್ಚಿನ ಕಡೆ ಇವೆಲ್ಲ ಒಂದೇ ಬಂಡೆ ಬೇರೆ ಬೇರೆ ಹಂತದಲ್ಲಿ ಕರಗಿ ಆದದ್ದು. ಲಕ್ಷಾಂತರ ವರ್ಷಗಳ ಮಳೆ ಬಂಡೆಯೊಳಗಿನ ಸಿಲಿಕಾ, ಸುಣ್ಣ, ಸೋಡಿಯಂ ಎಲ್ಲವನ್ನೂ ತೊಳೆದುಕೊಂಡು ಹೋಯಿತು. ಹೋಗಲು ಒಪ್ಪದೆ ಉಳಿದದ್ದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಆ ಕಬ್ಬಿಣದ ಕೆಂಪೇ ನಿಮ್ಮ ಅಂಗಳದ ಕೆಂಪು.

ಒಂದು ಮಾತು ನಡುವೆ ಹೇಳಿಬಿಡುತ್ತೇನೆ. ಜಂಬಿಟ್ಟಿಗೆಗೆ ಇಡೀ ಜಗತ್ತು ಲ್ಯಾಟರೈಟ್ ಅನ್ನುತ್ತದೆ. ಆ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್. 1800-01ರಲ್ಲಿ ಮೈಸೂರು, ಮಲಬಾರ್, ಕೆನರಾ ಸೀಮೆಗಳನ್ನು ಸುತ್ತಿದವನು. ಕೇರಳದ ಅಂಗಡಿಪುರದಲ್ಲಿ ಜನ ಈ ಕಲ್ಲನ್ನು ಪಿಕಾಸಿಯಲ್ಲಿ ಅಗೆದು ತೆಗೆಯುವುದನ್ನು ನೋಡಿದ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಇರುವ ಪದದಿಂದ ಹೆಸರು ಮಾಡಿ 1807ರ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಈ ಕಡೆಯ ಜನ ಇದನ್ನು ಇಟ್ಟಿಗೆ ಕಲ್ಲು ಅನ್ನುತ್ತಾರೆ ಎಂದು ಅವನೇ ಬರೆದಿಟ್ಟಿದ್ದಾನೆ. ಅಂದರೆ ಹೆಸರು ನಮ್ಮದೇ, ಅಂಗಿ ಮಾತ್ರ ಅವನದ್ದು.

ಈಗ ನಿಮ್ಮ ಜಿಯಾಲಜಿ, ಜಿಯಾಲಜಿಕಲ್ ಎಂಜಿನಿಯರಿಂಗ್ ವ್ಯತ್ಯಾಸಕ್ಕೆ ಬರೋಣ. ಆ ಧರೆಯ ಮುಂದೆ ಇಬ್ಬರನ್ನು ನಿಲ್ಲಿಸಿ. ಭೂವಿಜ್ಞಾನಿ ಕೇಳುವುದು ಇದು ಏನು, ಹೇಗಾಯಿತು, ಯಾವಾಗ ಆಯಿತು ಎಂದು. ಎಂಜಿನಿಯರ್ ಕೇಳುವುದು ಇದು ನಿಲ್ಲುತ್ತದಾ, ಎಷ್ಟು ಮಳೆಗೆ ಬೀಳುತ್ತದೆ, ನಿಲ್ಲಿಸಲು ಏನು ಮಾಡಬೇಕು ಎಂದು. ಮಣ್ಣು ಕೆಳಗೆ ಜಾರಲು ಎಳೆಯುವ ಬಲ ಎಷ್ಟು, ಜಾರದಂತೆ ಹಿಡಿಯುವ ಬಲ ಎಷ್ಟು ಎಂದು ಅವರು ಲೆಕ್ಕ ಹಾಕುತ್ತಾರೆ. ಹಿಡಿಯುವುದನ್ನು ಎಳೆಯುವುದರಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಸುರಕ್ಷತಾ ಅಂಕ ಅನ್ನುತ್ತಾರೆ. 1ಕ್ಕಿಂತ ಜಾಸ್ತಿ ಇದ್ದರೆ ಧರೆ ನಿಂತಿದೆ. 1ಕ್ಕೆ ಇಳಿಯಿತೋ, ಹೊರಟಿತು. ಅಮೆರಿಕದ ಕೊಲೊರಾಡೊ ಸ್ಕೂಲ್ ಆಫ್ ಮೈನ್ಸ್‌ನಂಥ ಕಡೆ ಇವೆರಡೂ ಒಂದೇ ವಿಭಾಗದಲ್ಲಿವೆ. ನಮ್ಮಲ್ಲಿ ಸಾಮಾನ್ಯವಾಗಿ ಸಿವಿಲ್ ಎಂಜಿನಿಯರಿಂಗ್ ಒಂದು ಕಟ್ಟಡ, ಭೂವಿಜ್ಞಾನ ಇನ್ನೊಂದು ಕಟ್ಟಡ, ನಡುವೆ ಒಂದು ಕ್ಯಾಂಟೀನು. ಮಲೆನಾಡಿಗೆ ಬೇಕಾಗಿರುವ ಸಂಶೋಧನೆ ಬಹುಪಾಲು ಆ ಕ್ಯಾಂಟೀನಿನಲ್ಲಿ ಹುಟ್ಟಬೇಕು. ಎರಡೂ ಕಡೆಯವರು ಒಟ್ಟಿಗೆ ಕೂತರೆ ಮಾತ್ರ.

ಧರೆ ಯಾಕೆ ಬೀಳುತ್ತದೆ? ನೀರಿನ ಭಾರಕ್ಕೆ ಅಂತ ಎಲ್ಲರೂ ಹೇಳುತ್ತಾರೆ. ಭಾರವೂ ಹೌದು. ಆದರೆ ಅದಕ್ಕಿಂತ ಕೆಟ್ಟದ್ದು ಒಳಗಿನ ಒತ್ತಡ. ಮಣ್ಣಿನ ಕಣಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುವುದರಿಂದ ಅವುಗಳ ನಡುವೆ ಹಿಡಿತ ಇರುತ್ತದೆ. ಸಂದಿಯಲ್ಲೆಲ್ಲ ನೀರು ತುಂಬಿತು ಅನ್ನಿ. ಆ ನೀರು ಕಣಗಳನ್ನು ದೂರ ತಳ್ಳಲು ನೋಡುತ್ತದೆ, ಹಿಡಿತ ಸಡಿಲವಾಗುತ್ತದೆ. ಜಂಬಿಟ್ಟಿಗೆ ತೂತು ತೂತಿನ ಕಲ್ಲು, ನೀರನ್ನು ಸರಾಗವಾಗಿ ಕೆಳಗೆ ಬಿಡುತ್ತದೆ. ಕೆಳಗಿನ ಶೇಡಿ ಬಿಡುವುದಿಲ್ಲ. ಎರಡರ ನಡುವೆ ನೀರು ನಿಂತು, ಅಲ್ಲೇ ಸೋಪು ಹಚ್ಚಿದ ಹಾಗೆ ಆಗುತ್ತದೆ. ಆರಿದ್ರಾ ಮಳೆಗೆ ನೆಟ್ಟಗೆ ನಿಂತ ಧರೆ ಆಶ್ಲೇಷದಲ್ಲಿ ಬೀಳುವುದು ಇದಕ್ಕೇ. ಒಂದು ದಿನದ ಮಳೆ ಮಾತ್ರ ಲೆಕ್ಕಕ್ಕಲ್ಲ, ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಕುಡಿದ ನೀರೂ ಲೆಕ್ಕ. 2018ರಲ್ಲಿ ಕೊಡಗು ಜರಿದದ್ದು ಆಗಸ್ಟ್ ನಡುವೆ, ಆಶ್ಲೇಷ ಮುಗಿದು ಮಖೆ ಹುಟ್ಟುವ ಹೊತ್ತಿಗೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದದ್ದು ಪುನರ್ವಸುವಿನಲ್ಲಿ. ಎಷ್ಟು ದಿನದಲ್ಲಿ ಎಷ್ಟು ಮಳೆ ಬಿದ್ದರೆ ಯಾವ ಗುಡ್ಡಕ್ಕೆ ಅಪಾಯ ಎಂಬ ಗಡಿ ಹುಡುಕುವುದೇ ಈಗ ಒಂದು ದೊಡ್ಡ ಸಂಶೋಧನಾ ವಿಷಯ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 2014ರಿಂದ ದೇಶದ ಕುಸಿತದ ಜಾಗಗಳ ನಕ್ಷೆ ಮಾಡುವ ಕೆಲಸ ನಡೆಸಿತು. ಅದು 1:50,000 ಅಳತೆಯದ್ದು. ಅದರಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ನಿಮ್ಮ ಗುಡ್ಡ ಅದರಲ್ಲಿ ಕಾಣಬಹುದು, ನಿಮ್ಮ ಧರೆ ಕಾಣುವುದಿಲ್ಲ. ಧರೆಯ ಮಟ್ಟದ ಕೆಲಸ ಮಾಡುವವರು ಬೇಕು.

ನಿಮ್ಮ ಮಗಳು ಇದನ್ನು ಹಿಡಿದರೆ ಮಣ್ಣಿನ ಮಾದರಿ ತೆಗೆದು ಪ್ರಯೋಗಾಲಯದಲ್ಲಿ ಒತ್ತಿ ನೋಡುತ್ತಾಳೆ, ಧರೆಯೊಳಗೆ ಕೊಳವೆ ಇಳಿಸಿ ನೀರಿನ ಮಟ್ಟ ಬರೆದುಕೊಳ್ಳುತ್ತಾಳೆ, ಡ್ರೋನ್ ಹಾರಿಸುತ್ತಾಳೆ, ಉಪಗ್ರಹದ ಚಿತ್ರ ಇಟ್ಟುಕೊಂಡು ಹಳೆಯ ಕುಸಿತಗಳನ್ನು ಗುರುತು ಮಾಡುತ್ತಾಳೆ. ಅಲ್ಲಿಯವರೆಗೆ ನೀವು ಮಾಡಬೇಕಾದ್ದು ಬೇರೆ ಇದೆ. ಧರೆಯ ಬುಡ ಇನ್ನು ಒಂದಡಿಯೂ ಕಡಿಯಬೇಡಿ. ಮೇಲಿನ ನೀರು ಧರೆಯ ಕಡೆ ಬರದಂತೆ ಬದಿಗೆ ತಿರುಗಿಸಿ. ಕಾಲುವೆ ಒಳಗೆ ನೀರು ಇಂಗಬಾರದು, ಹರಿದು ಹೋಗಬೇಕು. ತಡೆಗೋಡೆ ಕಟ್ಟಿಸಿದರೆ ನಡುನಡುವೆ ನೀರು ಹೊರಬರಲು ಪೈಪು ಬಿಡಿಸಿ. ಪೈಪಿಲ್ಲದ ಗೋಡೆ ಗೋಡೆಯಲ್ಲ, ಅದೊಂದು ಅಣೆಕಟ್ಟು. ಮೇಲೆ ಹೊಸ ಬಿರುಕು ಕಂಡರೆ, ಮರ ವಾಲಿದರೆ, ಎಂದೂ ಇಲ್ಲದ ಕಡೆ ಕೆಸರು ನೀರಿನ ಒರತೆ ಎದ್ದರೆ, ಹಿಂಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ ಆ ರಾತ್ರಿ ಅಲ್ಲಿ ಮಲಗಬೇಡಿ. ಇದರಲ್ಲಿ ಧೈರ್ಯ ತೋರಿಸುವುದು ಏನೂ ಇಲ್ಲ.

ಇಂಗುಗುಂಡಿಯ ಬಗ್ಗೆಯೂ ಹೇಳಬೇಕು. ನನ್ನ ಪರಿಚಯದ ಒಬ್ಬರು ಯಾರದೋ ಸಲಹೆ ಕೇಳಿ ಮನೆ ಹಿಂದಿನ ಗುಡ್ಡದ ನೆತ್ತಿಯಲ್ಲಿ ಸಾಲಾಗಿ ಗುಂಡಿ ತೋಡಿಸಿದರು. ಬಾವಿಗೆ ನೀರು ಬರಲಿ ಎಂಬ ಆಸೆ. ಎರಡನೇ ಮಳೆಗಾಲಕ್ಕೆ ಧರೆ ಕೊಟ್ಟಿಗೆಯ ಮೇಲೆ ಬಂತು. ದನಗಳು ಮೇಯಲು ಹೋಗಿದ್ದವು, ಪುಣ್ಯ. ಇಂಗುಗುಂಡಿ ಒಳ್ಳೆಯದೇ. ಬಯಲುಸೀಮೆಯ ಚಪ್ಪಟೆ ನೆಲಕ್ಕೆ ಹೇಳಿದ ಮದ್ದನ್ನು ಮಲೆನಾಡಿನ ಕಡಿದಾದ ಗುಡ್ಡಕ್ಕೆ ಹಾಗೆಯೇ ಕುಡಿಸಿದರೆ ಹೀಗಾಗುತ್ತದೆ.

ಬಾವಿಯ ಮಾತು ಬಂತಲ್ಲ, ಎರಡನೇ ಸಂಶೋಧನಾ ಕ್ಷೇತ್ರ ಅದೇ: ಅಂತರ್ಜಲ. ಹೊರಗಿನವರಿಗೆ ಇದು ನಂಬಲಾಗದ ವಿಷಯ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಅದೇ ಸುತ್ತಿನ ಹಳ್ಳಿಗಳಲ್ಲಿ ಮಾರ್ಚ್ ಬಂದರೆ ಬಾವಿ ತಳ ಕಾಣುತ್ತದೆ, ಏಪ್ರಿಲ್‌ನಲ್ಲಿ ಟ್ಯಾಂಕರ್ ಕರೆಸುವ ಮನೆಗಳಿವೆ. ಶಿವಮೊಗ್ಗ ಪೇಟೆಗೆ ಆಗುಂಬೆಯ ಮಳೆಯ ಕಾಲು ಭಾಗವೂ ಬೀಳುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಯೋಚಿಸಿ. ಬೀಳುವುದು ಮುಖ್ಯ ಅಲ್ಲ, ನಿಲ್ಲುವುದು ಮುಖ್ಯ. ಜಂಬಿಟ್ಟಿಗೆ ಸ್ಪಂಜಿನಂತೆ ಕುಡಿಯುತ್ತದೆ, ಸ್ಪಂಜಿನಂತೆಯೇ ಬಿಟ್ಟುಬಿಡುತ್ತದೆ. ಇಳಿಜಾರು ಜಾಸ್ತಿ ಇರುವುದರಿಂದ ನೀರು ಒರತೆಯಾಗಿ ಹಳ್ಳಕ್ಕೆ, ಹಳ್ಳದಿಂದ ತುಂಗೆಗೋ ಶರಾವತಿಗೋ ಹೊರಟುಹೋಗುತ್ತದೆ. ಕೆಳಗಿನ ಗಟ್ಟಿ ಬಂಡೆಯಲ್ಲಿ ನೀರಿಗೆ ಜಾಗ ಅಂದರೆ ಬಿರುಕು ಮಾತ್ರ. ಆಳಕ್ಕೆ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕು ಮುಚ್ಚಿಕೊಳ್ಳುತ್ತದೆ. ಹಾಗಾಗಿ 300 ಅಡಿಗೆ ಸಿಗದ ನೀರು 600ಕ್ಕೆ ಸಿಕ್ಕೇ ಸಿಗುತ್ತದೆ ಎಂಬುದು ಬೋರ್ ಲಾರಿಯವರ ಲೆಕ್ಕ, ಬಂಡೆಯ ಲೆಕ್ಕ ಅಲ್ಲ.

ತೆಂಗಿನಕಾಯಿ ಅಂಗೈಯಲ್ಲಿಟ್ಟು ನೀರು ನೋಡುವವರನ್ನು ನೀವೂ ಕರೆಸಿರುತ್ತೀರಿ. ನಾನು ಜಗಳಕ್ಕೆ ಹೋಗುವುದಿಲ್ಲ. ವಿಭಾಗದಲ್ಲಿ ಕಲಿಸುವುದು ಇಷ್ಟು: ನೆಲಕ್ಕೆ ನಾಲ್ಕು ಸರಳು ಹೊಡೆದು, ಎರಡರಿಂದ ವಿದ್ಯುತ್ ಹರಿಸಿ, ಉಳಿದೆರಡರಲ್ಲಿ ವಿದ್ಯುತ್ತಿನ ಒತ್ತಡ (ವೋಲ್ಟೇಜ್) ಅಳೆಯುತ್ತಾರೆ. ಒಣ ಬಂಡೆ ವಿದ್ಯುತ್ತನ್ನು ತಡೆಯುತ್ತದೆ, ನೀರಿರುವ ಬಿರುಕು ಬಂಡೆ ಅಷ್ಟು ತಡೆಯುವುದಿಲ್ಲ. ಸರಳುಗಳ ಅಂತರ ಹೆಚ್ಚಿಸುತ್ತಾ ಹೋದರೆ ಆಳದ ಸುದ್ದಿ ಬರುತ್ತದೆ. ಇದರಲ್ಲೂ ತಪ್ಪಾಗುತ್ತದೆ. ಜೇಡಿಮಣ್ಣೂ ಕಡಿಮೆ ತಡೆಯುವುದರಿಂದ, ನೀರೆಂದು ಕೊರೆದರೆ ಬರೀ ಶೇಡಿ ಸಿಗಬಹುದು. ವ್ಯತ್ಯಾಸ ಏನೆಂದರೆ, ಇಲ್ಲಿ ತಪ್ಪು ಯಾಕಾಯಿತು ಎಂದು ಹುಡುಕಿ ಮುಂದಿನ ಸಲ ತಿದ್ದಿಕೊಳ್ಳಬಹುದು. ಇನ್ನು ಕೆಲವರು ನೀರಿನೊಳಗಿನ ಆಮ್ಲಜನಕ, ಜಲಜನಕಗಳ ಭಾರ ಜಾಸ್ತಿ ಇರುವ ಬಗೆಗಳು (ಐಸೊಟೋಪು) ಎಷ್ಟಿವೆ ಎಂದು ಅಳೆದು ಒಂದು ಒರತೆಯ ನೀರು ಯಾವ ಎತ್ತರದಲ್ಲಿ ಬಿದ್ದ ಮಳೆ ಎಂದು ಪತ್ತೆ ಹಚ್ಚುತ್ತಾರೆ. ಮಲೆನಾಡಿನ ಒರತೆಗಳು ಯಾವ ಗುಡ್ಡದ ನೀರು ಕುಡಿದು ಬದುಕಿವೆ ಎಂದು ಗೊತ್ತಾದರೆ ಯಾವ ಗುಡ್ಡ ಮುಟ್ಟಬಾರದು ಎಂದೂ ಗೊತ್ತಾಗುತ್ತದೆ. ನನ್ನನ್ನು ಕೇಳಿದರೆ, ಈಗ ಇಪ್ಪತ್ತೆರಡು ವಯಸ್ಸಾಗಿದ್ದರೆ ನಾನು ಹಿಡಿಯುತ್ತಿದ್ದ ವಿಷಯ ಇದು.

‘ಇನ್ನೇನು ಉಳಿದಿದೆ’ ಅಂದಿರಲ್ಲ, ಅದಕ್ಕೆ ಉತ್ತರ ಹಳೆಯ ಕಲ್ಲುಗಳಲ್ಲಿದೆ. ನಮ್ಮ ಕಾಲಡಿಯ ನೈಸ್ ಬಂಡೆಗಳು (ಶಾಖ, ಒತ್ತಡಕ್ಕೆ ಸಿಕ್ಕಿ ಪಟ್ಟೆ ಪಟ್ಟೆಯಾದ ಕಲ್ಲು) 300 ಕೋಟಿ ವರ್ಷದ ಆಸುಪಾಸಿನವು, ಕೆಲವು ಅದಕ್ಕೂ ಹಳೆಯವು. ಅದರ ಮೇಲೆ ಕೂತದ್ದು ಬಾಬಾಬುಡನ್ ಗಿರಿಯ ಕಲ್ಲುಗಳು, ಶಿವಮೊಗ್ಗ ಪಟ್ಟಿಯ ಕಲ್ಲುಗಳು. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇಂಥ ಕಲ್ಲುಗಳನ್ನು ಧಾರವಾಡದ ಹೆಸರಿನಲ್ಲಿ ಒಂದು ಗುಂಪಾಗಿ ಗುರುತಿಸಿದ. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆಯಿತು. ಅಂದಿನಿಂದ ನೋಡುತ್ತಲೇ ಇದ್ದೇವೆ, ಜಗಳ ಮುಗಿದಿಲ್ಲ. ಯಾವ ಜಗಳ ಅಂದರೆ, ಆ ಕಾಲದಲ್ಲಿ ಈಗಿನಂತೆ ಭೂಮಿಯ ಫಲಕಗಳು ಚಲಿಸಿ ಒಂದರಡಿ ಒಂದು ನುಗ್ಗುತ್ತಿದ್ದವೋ, ಅಥವಾ ಭೂಮಿ ಬೇರೆಯೇ ರೀತಿ ನಡೆಯುತ್ತಿತ್ತೋ ಎಂಬುದು. ಧಾರವಾಡ ಕಲ್ಲುಗಳು ಆ ಜಗಳದ ಮುಖ್ಯ ಸಾಕ್ಷಿಗಳು.

ಚಿಕ್ಕಮಗಳೂರಿನ ಹತ್ತಿರ ಕಾರ್ತಿಕೆರೆ ಎಂಬ ಊರಿದೆ. ಅಲ್ಲಿ ಬಾಬಾಬುಡನ್ ಗುಂಪಿನ ತಳದಲ್ಲಿ ಉರುಟು ಬೆಣಚುಕಲ್ಲುಗಳು ಸೇರಿ ಆದ ಒಂದು ಪದರ ಕಾಣುತ್ತದೆ. ಹೊಳೆಯ ಜಲ್ಲಿ ಗಟ್ಟಿಯಾಗಿ ಕಲ್ಲಾದದ್ದು. ಈ ಬಗೆಯ ಹಳೆಯ ಜಲ್ಲಿಯಲ್ಲಿ ಹೊಳೆಯಲ್ಲಿ ಉರುಳಿ ನುಣ್ಣಗಾದ ಪೈರೈಟ್ ಹರಳುಗಳು ಸಿಗುತ್ತವೆ. ಪೈರೈಟ್ ಅಂದರೆ ಕಬ್ಬಿಣ, ಗಂಧಕ. ಇವತ್ತು ಅದನ್ನು ಹೊಳೆಗೆ ಹಾಕಿದರೆ ಉರುಳಿ ನುಣ್ಣಗಾಗುವ ಮೊದಲೇ ತುಕ್ಕು ಹಿಡಿದು ಹೋಗುತ್ತದೆ. ಹಾಗಾದರೆ ಆಗಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ, ಇದ್ದರೂ ತೀರಾ ಕಡಿಮೆ. ಒಂದು ಹರಳಿನಿಂದ ಇಡೀ ಭೂಮಿಯ ಗಾಳಿಯ ಸುದ್ದಿ! ಶಿವಮೊಗ್ಗ ಪಟ್ಟಿಯ ಡಾಲಮೈಟ್ ಎಂಬ ಸುಣ್ಣಕಲ್ಲಿನ ಜಾತಿಯ ಕಲ್ಲಿನಲ್ಲಿ ಪದರ ಪದರದ ಗುಮ್ಮಟದಂಥ ಗುರುತುಗಳಿವೆ. ಸ್ಟ್ರೊಮಟೊಲೈಟ್ ಎಂದು ಹೆಸರು. ಕಣ್ಣಿಗೆ ಕಾಣದ ಜೀವಿಗಳು ಆಳವಿಲ್ಲದ ಸಮುದ್ರದಲ್ಲಿ ಕಟ್ಟಿದ ಮನೆಗಳು. ಹೌದು, ಶಿವಮೊಗ್ಗದಲ್ಲಿ ಸಮುದ್ರ ಇತ್ತು.

ಇದಕ್ಕೆಲ್ಲ ಸುತ್ತಿಗೆ, ದಿಕ್ಸೂಚಿ, ಕೈಮಸೂರ ಇದ್ದರೆ ಅರ್ಧ ಕೆಲಸ. ಇನ್ನರ್ಧ ಪ್ರಯೋಗಾಲಯದಲ್ಲಿ. ಕಲ್ಲನ್ನು 0.03 ಮಿ.ಮೀ. ದಪ್ಪಕ್ಕೆ ಉಜ್ಜಿ ಗಾಜಿನ ಮೇಲೆ ಅಂಟಿಸಿದರೆ ಬೆಳಕು ಹಾಯುತ್ತದೆ, ಸೂಕ್ಷ್ಮದರ್ಶಕದಲ್ಲಿ ಕಪ್ಪು ಕಲ್ಲೂ ರಂಗೋಲಿಯಂತೆ ಕಾಣುತ್ತದೆ. ವಯಸ್ಸು ಹೇಳುವುದು ಜಿರ್ಕಾನ್ ಎಂಬ ಸಣ್ಣ ಹರಳು. ಅದರೊಳಗಿನ ಯುರೇನಿಯಂ ನಿಧಾನಕ್ಕೆ ಸೀಸವಾಗುತ್ತದೆ. ಯುರೇನಿಯಂ-238 ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಎಷ್ಟು ಸೀಸ ಆಗಿದೆ ನೋಡಿದರೆ ಹರಳಿನ ಜಾತಕ ಸಿಗುತ್ತದೆ. ಈ ಯಂತ್ರಗಳು ದುಬಾರಿ, ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಇರುವುದಿಲ್ಲ. ಮಾದರಿ ಬೇರೆ ಊರಿಗೆ ಕಳಿಸಿ ಕಾಯಬೇಕು. ಅದೂ ಸಂಶೋಧನೆಯ ಒಂದು ಭಾಗ ಅಂತ ಇಟ್ಟುಕೊಳ್ಳಿ.

ಖನಿಜಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಅದರ ಒಳ್ಳೆಯ ಕಾಲ ಕಳೆದಿದೆ. ಕುಂಸಿಯಲ್ಲಿ ಮ್ಯಾಂಗನೀಸ್ ತೆಗೆಯುತ್ತಿದ್ದರು. ಕೆಮ್ಮಣ್ಣುಗುಂಡಿಯ ಅದಿರನ್ನು ನಂಬಿ 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಕುದುರೆಮುಖದ ಗಣಿ ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ನಿಂತಿತು. ಈಗ ಆಸಕ್ತಿ ಇರುವುದು ಬ್ಯಾಟರಿ, ವಿಶೇಷ ಉಕ್ಕುಗಳಿಗೆ ಬೇಕಾದ ಲೋಹಗಳ ಮೇಲೆ. ಚನ್ನಗಿರಿ ಕಡೆ, ಮಸಣಿಕೆರೆ ಸುತ್ತ, ವನೇಡಿಯಂ ಲೋಹ ಇರುವ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು ಇದೆ. 1997ರವರೆಗೆ ಅದು ಶಿವಮೊಗ್ಗ ಜಿಲ್ಲೆಯದ್ದೇ. ಇದರ ಜೊತೆಗೆ, ನಿಂತುಹೋದ ಗಣಿಯ ನೆಲ, ನೀರು ಏನಾಗುತ್ತದೆ ಎಂದು ನೋಡುವುದೂ ಒಂದು ಕ್ಷೇತ್ರ. ಅಗೆಯಲು ಹಣ ಕೊಡುವವರು ಸಿಗುತ್ತಾರೆ, ಅಗೆದಾದ ಮೇಲೆ ನೋಡಲು ಹಣ ಕೊಡುವವರು ಕಡಿಮೆ.

ಅಣೆಕಟ್ಟು, ಸುರಂಗಗಳ ಕೆಲಸ ಇನ್ನೊಂದು ಕಡೆ. ಲಿಂಗನಮಕ್ಕಿ, ಲಕ್ಕವಳ್ಳಿಯ ಭದ್ರಾ, ಮಾಣಿ, ಇವೆಲ್ಲ ನಿಂತಿರುವುದು ತಳದ ಬಂಡೆಯ ಮೇಲೆ. ಭದ್ರಾ ಮೇಲ್ದಂಡೆಗೆ ಅಜ್ಜಂಪುರದ ಬಳಿ ಸುಮಾರು 7 ಕಿ.ಮೀ. ಸುರಂಗ ಕೊರೆದರು. ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಭೂಗತ ಯೋಜನೆಯ ಬಗ್ಗೆ ಏನು ಗಲಾಟೆ ನಡೆಯುತ್ತಿದೆ ಎಂದು ನಿಮಗೆ ಗೊತ್ತೇ ಇದೆ. ಬೇಕು ಅನ್ನುವವರಿಗೂ ಬೇಡ ಅನ್ನುವವರಿಗೂ ಬಂಡೆಯ ಬಿರುಕು ಯಾವ ದಿಕ್ಕಿಗಿದೆ, ನೀರು ಎಲ್ಲಿ ನುಗ್ಗುತ್ತದೆ ಎಂಬ ಅಳತೆ ಬೇಕು. ಅಳತೆ ಇಲ್ಲದ ವಾದ ಮೈಕಿನ ಮುಂದೆ ಮಾತ್ರ ಚೆನ್ನ. ಕಂಪನಗಳ ಅಧ್ಯಯನವೂ ಇದರ ಪಕ್ಕದ್ದೇ. 2021ರ ಜನವರಿ 21ರ ರಾತ್ರಿ ಹುಣಸೋಡಿನಲ್ಲಿ ಕ್ವಾರಿಯ ಸ್ಫೋಟಕ ಸಿಡಿದಾಗ ಶಿವಮೊಗ್ಗದವರೆಲ್ಲ ಭೂಕಂಪ ಅಂತ ಬೀದಿಗೆ ಬಂದಿದ್ದರು, ನೆನಪಿದೆ ಅಲ್ವಾ? ಮೇಲೆ ಸಿಡಿದದ್ದೋ ಆಳದಲ್ಲಿ ಜಾರಿದ್ದೋ ಎಂದು ಕಂಪನದ ಅಲೆಯ ಗೆರೆ ನೋಡಿ ಹೇಳಬಹುದು.

ಇನ್ನು ಎಲ್ಲಿ, ಹೇಗೆ ಎಂಬುದು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭೂವಿಜ್ಞಾನ ವಿಭಾಗ ಇದೆ, ಮನೆಗೆ ಹತ್ತಿರ. ಐಐಟಿಗಳಿಗೆ ಹೋಗುವುದಾದರೆ ಜ್ಯಾಮ್ ಪರೀಕ್ಷೆ ಬರೆಯಬೇಕು. ಪಿಎಚ್‌ಡಿಗೆ ಸಿಎಸ್‌ಐಆರ್ ನೆಟ್ ಅಥವಾ ಗೇಟ್. ಕೆಲಸಕ್ಕೆ ಯುಪಿಎಸ್‌ಸಿ ನಡೆಸುವ ಭೂವಿಜ್ಞಾನಿಗಳ ಪರೀಕ್ಷೆ ಇದೆ. ಅದರಲ್ಲಿ ಪಾಸಾದವರು ಭೂವೈಜ್ಞಾನಿಕ ಸರ್ವೇಕ್ಷಣೆಗೂ ಕೇಂದ್ರ ಅಂತರ್ಜಲ ಮಂಡಳಿಗೂ ಹೋಗುತ್ತಾರೆ. ವಿಭಾಗದ ಕಟ್ಟಡ ನೋಡಿ ಮರುಳಾಗಬೇಡಿ. ಮಾರ್ಗದರ್ಶಕರು ಈಚಿನ ವರ್ಷಗಳಲ್ಲಿ ಏನು ಬರೆದಿದ್ದಾರೆ, ವಿದ್ಯಾರ್ಥಿಗಳನ್ನು ಹೊಲಕ್ಕೆ, ಗುಡ್ಡಕ್ಕೆ ಕರೆದುಕೊಂಡು ಹೋಗುತ್ತಾರಾ, ಅವರ ಹಿಂದಿನ ವಿದ್ಯಾರ್ಥಿಗಳು ಎಷ್ಟು ವರ್ಷಕ್ಕೆ ಮುಗಿಸಿದರು ಎಂದು ವಿಚಾರಿಸಿ. ಅಲ್ಲಿ ಈಗ ಓದುತ್ತಿರುವ ಹುಡುಗ ಹುಡುಗಿಯರನ್ನೇ ಕೇಳಿದರೆ ನಿಜ ಸಿಗುತ್ತದೆ.

ನೀವು ಬಾಯಿಬಿಟ್ಟು ಕೇಳದ ಒಂದು ಪ್ರಶ್ನೆಯೂ ಕಾಗದದಲ್ಲಿತ್ತು ಅನ್ನಿಸಿತು. ಹೆಣ್ಣುಮಗಳು ಕಾಡು ಗುಡ್ಡ ಅಲೆಯುವುದು ಹೇಗೆ ಎಂದು. ನನ್ನ ತರಗತಿಗಳಲ್ಲಿ ಗುಡ್ಡ ಹತ್ತುವಾಗ ಮೊದಲು ಸುಸ್ತಾದವರು ಯಾವಾಗಲೂ ಪೇಟೆಯ ಹುಡುಗರು. ಇಂಬಳ (ಜಿಗಣೆ) ಕಂಡರೆ ಕುಣಿಯುವವರೂ ಅವರೇ. ತೋಟದಲ್ಲಿ ಬೆಳೆದ ಹುಡುಗಿ ಇಂಬಳ ಬಿಡಿಸಲು ಸುಣ್ಣದ ಡಬ್ಬಿ ಜೇಬಲ್ಲಿ ಇಟ್ಟುಕೊಂಡು ಮುಂದೆ ನಡೆಯುತ್ತಿದ್ದಳು. ಒಬ್ಬರೇ ಹೋಗಬಾರದು, ಎಲ್ಲಿಗೆ ಎಂದು ಹೇಳಿ ಹೋಗಬೇಕು. ಈ ನಿಯಮ ಗಂಡಸರಿಗೂ ಇದೆ.

ಮಗಳಿಗೆ ಒಂದು ಕೆಲಸ ಹೇಳಿ. ಮಳೆ ಹಿಡಿಯುವ ಮೊದಲು, ಧರೆಯ ಮೇಲಿನ ಅಂಚಿನಿಂದ ಹಿಂದಕ್ಕೆ, ನೆಲ ಗಟ್ಟಿ ಇರುವ ಕಡೆ ಒಂದು ಗೂಟ ಹೊಡೆಯಲಿ. ಇನ್ನೊಂದು ಅಂಚಿನ ಹತ್ತಿರ. ಎರಡರ ನಡುವಿನ ದೂರವನ್ನು ವಾರಕ್ಕೊಮ್ಮೆ ಟೇಪು ಹಿಡಿದು ಅಳೆಯಲಿ. ಒಬ್ಬಳೇ ಬೇಡ, ಜೋರು ಮಳೆಯಲ್ಲಂತೂ ಬೇಡವೇ ಬೇಡ. ತೋಟದ ಮನೆಯಲ್ಲಿ ಮಳೆಮಾಪಕ ಇದ್ದೇ ಇರುತ್ತದೆ, ದಿನದ ಮಳೆಯನ್ನು ಪಕ್ಕದಲ್ಲೇ ಬರೆಯಲಿ. ಬಾವಿಯ ನೀರಿನ ಮಟ್ಟ ಇನ್ನೊಂದು ಕಾಲಂ. ದೂರ ಜಾಸ್ತಿಯಾಗುತ್ತಾ ಬಂದರೆ ನೀವು ಮೊದಲು ಹಿಂದಿನ ಕೋಣೆ ಖಾಲಿ ಮಾಡಿ, ಆಮೇಲೆ ಪಂಚಾಯಿತಿಗೆ ಹೇಳಿ. ಜಾಸ್ತಿಯಾಗದಿದ್ದರೂ ಪುಸ್ತಕ ಎತ್ತಿಡಲಿ. ಪ್ರವೇಶದ ಸಂದರ್ಶನದಲ್ಲಿ ಯಾಕೆ ಈ ವಿಷಯ ಎಂದು ಕೇಳಿಯೇ ಕೇಳುತ್ತಾರೆ. ಆಗ ಆ ಪುಸ್ತಕ ಮೇಜಿನ ಮೇಲಿಟ್ಟರಾಯಿತು.